ಹೊಲಿಗೆ ಹೊರಗಿನ ಫ್ರಾಕು

ನನ್ನ ಮಗಳು ಚೈತ್ರಾ ಹಳದಿ ಫ್ರಾಕು ತೊಟ್ಟು ಬಾಗಲಗುಂಟೆಯ ನಮ್ಮ ಬೀದಿಗಿಳಿದಳೆಂದರೆ, ‘ಮೇಡಂ, ಮಗು ಬಟ್ಟೆ ಉಲ್ಟಾ ಆಗಿದೆ’ ಎಂದು ತಿಳಿಸದೆ ಮುಂದೆ ಹೋಗುವ ಪುಣ್ಯಾತ್ಮರು ಅಪರೂಪ. ಉಲ್ಟಾ ಆಗಿಲ್ಲ ಸ್ವಾಮಿ, ನಾನೇ ಉಲ್ಟಾ ತೊಡಿಸಿದ್ದೇನೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಬಟ್ಟೆಯ ಒಳಮೈಯನ್ನು ಹೊರಕ್ಕೆ ತಿರುವಿ ಹೊಲಿಗೆ ಗಟ್ಟಿಯಿದೆಯೇ ಎಂದು ನೋಡುವುದೇ ನನ್ನ ಉದ್ಯೋಗ. ಆದರೆ ಆ ಹೊಲಿಗೆಯ ಅಂಚು ತಗುಲಿದರೆ ಸಾಕು, ನನ್ನ ಮಗಳ ಮೈಮೇಲೆ ನೀರುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಚರ್ಮ ಸಿಪ್ಪೆಯಂತೆ ಸುಲಿದುಬರುತ್ತದೆ. ಹುಟ್ಟಿನಿಂದ ಬಂದ ಕಾಯಿಲೆ. ಅರ್ಧ ನನ್ನಿಂದ, ಅರ್ಧ ಅವಳಪ್ಪನಿಂದ ಬಂತಂತೆ. ನಮ್ಮಿಬ್ಬರ ಮೈಮೇಲೆ ಮಾತ್ರ ಒಂದು ಗೀರೂ ಇಲ್ಲ. ಇದಕ್ಕಿಂತ ಅನ್ಯಾಯ ಉಂಟೇ, ನೀವೇ ಹೇಳಿ.

ಆಸ್ಪತ್ರೆಯ ಡಾಕ್ಟರಮ್ಮ ಈ ಕಾಯಿಲೆಗೆ ಔಷಧವೊಂದನ್ನು ಪರೀಕ್ಷಿಸುತ್ತಿದ್ದೇವೆ ಎಂದಾಗ ನಾನು ಬೆಪ್ಪಾದೆ: ಅದು ಸೋಂಕಿಗೆ ಕೊಡುವ ಹಳೆಯ ಆಂಟಿಬಯೋಟಿಕ್. ಅವರು ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಚರ್ಮದ ಪದರಗಳನ್ನು ಹಿಡಿದಿಡುವ ಅಂಟನ್ನು ದೇಹವೇ ತಯಾರಿಸಬೇಕು. ಚೈತ್ರಾಳಲ್ಲಿ ಆ ಕೆಲಸ, ತುಮಕೂರು ರಸ್ತೆಯ ಬಸ್ಸು ಯಾರೋ ತಪ್ಪಾಗಿ ನೆಟ್ಟ ನಿಲ್ದಾಣದ ಹಲಗೆ ಕಂಡು ನಿಂತುಬಿಟ್ಟಂತೆ, ಅರ್ಧದಲ್ಲೇ ನಿಂತುಹೋಗುತ್ತದೆ. ಈ ಔಷಧ ಡ್ರೈವರನ ಕಣ್ಣನ್ನು ಕೊಂಚ ಮಂಜು ಮಾಡಿ ಬಸ್ಸನ್ನು ಮುಂದಕ್ಕೆ ಓಡಿಸಬಹುದು. ನನಗೆ ಸಂತೋಷವಾಗುವ ಬದಲು ಹೆದರಿಕೆಯಾಯಿತು. ಕಣ್ಣು ಮಂಜಾದವನು ನಿಲ್ಲಬೇಕಾದಲ್ಲೂ ನಿಲ್ಲದಿದ್ದರೆ? ರಕ್ತಕ್ಕೆ ಹೆಚ್ಚು ಸೇರಿದರೆ ಇದರಿಂದ ಕಿವಿ ಕೆಡಬಹುದು, ಮುಲಾಮಿನಲ್ಲಿ ಆ ಅಪಾಯ ಕಡಿಮೆ, ಆದರೂ ತೆರೆದ ಗಾಯವಾದ್ದರಿಂದ ಆಗಾಗ ಕಿವಿ ಪರೀಕ್ಷಿಸುತ್ತೇವೆ ಎಂದು ಅವರೇ ಅಂದರು. ಆದರೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಬಲಗೈಗೆ ಕೆಂಪು ಚೀಟಿಯ ಟ್ಯೂಬು, ಎಡಗೈಗೆ ಹಸಿರು ಚೀಟಿಯದು. ಎರಡು ಕೈಗಳನ್ನು ಹೋಲಿಸಿ ನೋಡಲು ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಮುಲಾಮು; ಯಾವುದರಲ್ಲಿ ಯಾವುದೆಂದು, ಪರೀಕ್ಷೆಯ ನಿಯಮದಂತೆ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅಂದಿನಿಂದ, ಮಗಳು ಆಡುತ್ತಿರುವಾಗ ಹಿಂದಿನಿಂದ ಪಿಸುದನಿಯಲ್ಲಿ ಹೆಸರು ಕರೆಯುವುದು ನನಗೆ ಚಟವಾಯಿತು. ತಿರುಗಿದರೆ ಹೋದ ಜೀವ ಬಂದಂತೆ. ತಿರುಗದಿದ್ದರೆ ಅದು ಆಟದ ಗುಂಗೋ ಕೆಟ್ಟ ಕಿವಿಯೋ ತಿಳಿಯದೆ, ಒಲೆಯ ಮೇಲೆ ಹಾಲು ಉಕ್ಕಿಹೋದರೂ ಅರಿವಿರುತ್ತಿರಲಿಲ್ಲ.

ಕೆಂಪು ಚೀಟಿಯ ಕೈಯಲ್ಲಿ ಗಾಯ ಮೆಲ್ಲಗೆ ಮುಚ್ಚತೊಡಗಿತು. ಅದನ್ನು ಮೊದಲು ಕಂಡವರು ನಮ್ಮತ್ತೆ. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇದ್ದವರು. ಹೆಣ್ಣುಮಗುವಿನ ಒಂದು ಕೈಗೆ ಬಳೆ ತೊಡಿಸಿ ಇನ್ನೊಂದನ್ನು ಬರಿದು ಬಿಡುವುದು ಅವರ ಪಾಲಿಗೆ ಅಪಶಕುನ. ನಾನು ಕೆಲಸಕ್ಕೆ ಹೋದಾಗ ಮುಲಾಮು ಹಚ್ಚುವವರು ಅವರೇ. ಒಂದು ದಿನ ಬೇಗ ಬಂದು ನೋಡುತ್ತೇನೆ, ಕೆಂಪು ಟ್ಯೂಬಿನದನ್ನು ಎಡಗೈಗೂ ಸವರುತ್ತಿದ್ದಾರೆ.

‘ಒಂದ್ ಕೈ ವಾಸಿ ಮಾಡಿ ಇನ್ನೊಂದ್ ಕೈ ಕೊಳೆಯಕ್ ಬುಡ್ತಾರೇನವ್ವಾ? ಅದೂ ನಮ್ ಮಗಿನ್ ಕೈಯೇ ಅಲ್ವಾ’ ಎಂದರು.

ಅವರು ಆಡಿದ್ದು ನನ್ನ ಮನಸ್ಸಿನಲ್ಲಿದ್ದದ್ದನ್ನೇ. ಭಯ ಮಾತ್ರ ಎರಡಾಯಿತು. ಔಷಧ ಹೆಚ್ಚಾಗಿ ಕಿವಿ ಹೋಯಿತೋ ಏನೋ, ಹೇಳಿದರೆ ನಮ್ಮನ್ನು ಪರೀಕ್ಷೆಯಿಂದಲೇ ಕೈಬಿಡುತ್ತಾರೋ ಏನೋ. ಮರುದಿನ ಅತ್ತೆಯೇ ಡಾಕ್ಟರಮ್ಮನ ಮುಂದೆ ಸೆರಗು ಹೊದ್ದು ನಿಂತು ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರಮ್ಮ ರೇಗಲಿಲ್ಲ. ಎರಡು ಟ್ಯೂಬನ್ನೂ ನಿಲ್ಲಿಸಿ ಮೊದಲು ಕಿವಿ ನೋಡೋಣ ಎಂದರು.

ಗಾಜಿನ ಕೋಣೆಯಲ್ಲಿ ಮಗಳನ್ನು ಕೂರಿಸಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತು ಎಂದರು. ನನಗೆ ಹೊರಗೆ ಏನೂ ಕೇಳಿಸದು; ಆ ಪುಟ್ಟ ಕೈಯನ್ನೇ ನೋಡುತ್ತ ಕುಳಿತೆ. ಅದು ತೊಡೆಯ ಮೇಲೆ ಸುಮ್ಮನಿದ್ದಷ್ಟು ಹೊತ್ತು ಸದ್ದು ಬಂದಿಲ್ಲವೋ, ಬಂದದ್ದು ಅವಳಿಗೆ ಮುಟ್ಟಿಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಕೊನೆಗೆ, ಕಿವಿ ಸರಿಯಿದೆ ಎಂದರು. ಆದರೆ ಅವಳ ಕೈಗಳು ಇನ್ನು ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ, ಔಷಧ ಮತ್ತೆ ಕೊಡುವುದೋ ಬೇಡವೋ ಯೋಚಿಸಿ ತಿಳಿಸುತ್ತೇವೆ ಎಂದೂ ಅಂದರು. ಅವರು ಇನ್ನೂ ತಿಳಿಸಿಲ್ಲ.

ಮೊನ್ನೆ ಚೈತ್ರಾ ಹಳದಿ ಫ್ರಾಕನ್ನು ನನ್ನ ಮಡಿಲಿಗೆ ಹಾಕಿ, ‘ಅಮ್ಮಾ, ಈ ತೋಳು ಸೀದಾ ಮಾಡ್ಕೊಡು. ಈ ಕೈ ನೋಯಲ್ಲ’ ಎಂದಳು. ಬಲತೋಳನ್ನು ಬಿಚ್ಚಿ, ಹೊಲಿಗೆ ಒಳಗೆ ಬರುವಂತೆ ತಿರುವಿ ಕೂಡಿಸಿಕೊಟ್ಟೆ. ಈಗ ಫ್ರಾಕೆಲ್ಲ ಉಲ್ಟಾ, ಒಂದು ತೋಳು ಮಾತ್ರ ಸೀದಾ. ಏನು ಹೇಳಬೇಕೆಂದು ತೋಚದೆ ಬೀದಿಯವರು ಸುಮ್ಮನಾಗಿದ್ದಾರೆ. ಆದರೆ ಆ ತೋಳಿಗೆ ನಾನು ಹಾಕಿರುವುದು ಕಚ್ಚಾ ಹೊಲಿಗೆ, ಎಳೆದರೆ ಬಿಚ್ಚಿಬರುವಂಥದ್ದು. ಗಾರ್ಮೆಂಟ್ಸಿನಲ್ಲಾಗಿದ್ದರೆ ನಾನೇ ಅದನ್ನು ಪಕ್ಕಕ್ಕೆ ಎಸೆಯುತ್ತಿದ್ದೆ. ಇಲ್ಲಿ, ಔಷಧ ನಿಂತಿರುವಾಗ, ಗಟ್ಟಿಯಾಗಿ ಹೊಲಿಯಲು ನನಗೆ ಧೈರ್ಯವಿಲ್ಲ.