ಚೀನೀ ನಿಲುವಂಗಿಗೆ ಬಿದ್ದ ಅರಿಶಿನ

ಅಮೆರಿಕದ ಪ್ಲಿಮತ್‌ನಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟಿದ್ದ ಕಾಲ. ಆ ಮನೆಗಳಲ್ಲಿ ವಸುಧಾಳಿಗೆ ಸ್ವಂತ ಹೆಸರೇ ಇರಲಿಲ್ಲ. ಅವಳು ಶೇಷಗಿರಿ ಮಿಸೆಸ್. ಪೂಜೆಗೆ ಕರೆದರೂ ಹಾಗೆ, ಫೋನಿನಲ್ಲಿ ಮಾತಾಡಿಸಿದರೂ ಹಾಗೆ. ಮೈಸೂರಿನಲ್ಲಿ ಹೋಮ್ ಸೈನ್ಸ್ ಓದಿ, ನೇಯ್ಗೆ ಮತ್ತು ಬಟ್ಟೆಯ ವಿಷಯದಲ್ಲಿ ಫಸ್ಟ್ ಕ್ಲಾಸು ತೆಗೆದುಕೊಂಡವಳು ಎಂಬುದನ್ನು ನೆನಪಿಟ್ಟುಕೊಳ್ಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಹೆಂಗಸರು ಅದನ್ನು ಕೇಳಿದ ಮರುಗಳಿಗೆಯೇ, “ಹಾಗಾದ್ರೆ ನನ್ನದೆರಡು ಬ್ಲೌಸು ಸ್ವಲ್ಪ ಸಡಿಲ ಮಾಡ್ಕೊಡ್ತೀರಾ?” ಎನ್ನುತ್ತಿದ್ದರು. ಪಾಪದ ಹೆಂಗಸು, ಮಾಡಿಕೊಡುತ್ತಿದ್ದಳು.

ಗಂಡ ಶೇಷಗಿರಿ ರಾವ್ ಕಾರುಗಳಿಗೆ ಸೀಟು ಮಾಡಿಕೊಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ಕುಡಿಯುವವನಲ್ಲ, ಕೂಗಾಡುವವನಲ್ಲ. ಎಲ್ಲರೂ ಅವನನ್ನು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಎನ್ನಲಿ ಬಿಡಿ. ಯಾರ ಮನಸ್ಸನ್ನೂ ನೋಯಿಸಬಾರದು ಎಂಬುದು ಅವನ ಸಿದ್ಧಾಂತ, ಆ ‘ಯಾರ’ ಪಟ್ಟಿಯಲ್ಲಿ ಹೆಂಡತಿ ಮಾತ್ರ ಸೇರುತ್ತಿರಲಿಲ್ಲ. ಅವಳ ಮನಸ್ಸನ್ನು ಆಮೇಲೆ ಹೇಗಾದರೂ ಸರಿಮಾಡಿಕೊಳ್ಳಬಹುದು ಎಂದುಕೊಂಡಿದ್ದ.

ಅಮೆರಿಕದ ಅಧ್ಯಕ್ಷರು ಚೀನಾಕ್ಕೆ ಹೋಗಿಬಂದ ಮೇಲೆ ಇಲ್ಲಿಯವರಿಗೆಲ್ಲ ಚೀನಾದ ಹುಚ್ಚು ಹಿಡಿದಿತ್ತು. ಡೆಟ್ರಾಯಿಟ್‌ಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಕಾಲೇಜಿನ ಮ್ಯೂಸಿಯಂಗೂ ಅದು ತಗುಲಿತು. ಅಲ್ಲಿಯ ಮುಖ್ಯಸ್ಥೆ ಮಿಸ್ ಹಾಲಿಸ್ ಎಂಬಾಕೆ. ಬಿದಿರಿನ ಗಳದ ಹಾಗೆ ಉದ್ದಕ್ಕಿದ್ದಳು, ನಗು ಕಡಿಮೆ. ಎರಡು ಸಾವಿರ ವರ್ಷಗಳ ಹಿಂದೆ ಚೀನಾದ ಸೈನಿಕನೊಬ್ಬ ತೊಡುತ್ತಿದ್ದ ಉಡುಪನ್ನು, ಆ ಕಾಲದ ಗೃಹಿಣಿಯೊಬ್ಬಳು ತೊಡುತ್ತಿದ್ದ ರೇಷ್ಮೆಯ ನಿಲುವಂಗಿಯನ್ನು, ಅಂದಿನ ಬಟ್ಟೆಯಲ್ಲೇ, ಅಂದಿನ ಹೊಲಿಗೆಯಲ್ಲೇ ಮತ್ತೆ ಮಾಡಿ ನಿಲ್ಲಿಸಬೇಕೆಂಬುದು ಅವಳ ಹಂಬಲ. ಸೂಜಿ ಹಿಡಿಯಬಲ್ಲವರು ಬೇಕೆಂದು ಕೇಳಿದಾಗ ವಸುಧಾ ಬಸ್ಸು ಹಿಡಿದು ಹೋಗಿ ನಿಂತಳು. ಮೊದಲ ದಿನವೇ ಮಿಸ್ ಹಾಲಿಸ್, “ನಿನ್ನ ಹೆಸರೇನು?” ಎಂದು ಕೇಳಿದಳು, ತಪ್ಪಿಲ್ಲದೆ ಹೇಳಲು ಬರುವವರೆಗೆ ಹೇಳಿಸಿಕೊಂಡಳು. ಆವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ವಸುಧಾಳಿಗೆ ಅಳು ಬಂದಿತ್ತು, ಸಂತೋಷಕ್ಕೆ.

ಕೆಲಸ ಹಗುರದ್ದಲ್ಲ. ಅವರ ಹತ್ತಿರ ಇದ್ದದ್ದು ಗೋರಿಗಳಲ್ಲಿ ಸಿಕ್ಕಿದ ಮಣ್ಣಿನ ಗೊಂಬೆಗಳು, ಕೆಲವು ಫೋಟೋಗಳು. ಗೊಂಬೆ ಬಟ್ಟೆಯ ಹೊರಮೈಯನ್ನಷ್ಟೇ ತೋರಿಸುತ್ತದೆ. ಒಳಗೆ ಎಲ್ಲಿ ಗಂಟು, ಎಲ್ಲಿ ಜೋಡಣೆ ಎನ್ನುವುದನ್ನು ಹೇಳುವುದಿಲ್ಲ. ಸೈನಿಕನ ದಪ್ಪ ಒಳಕೋಟನ್ನು ಸೆಣಬಿನ ಬಟ್ಟೆಯಲ್ಲಿ ಹೊಲಿದು, ಅದರ ಮೇಲೆ ಚರ್ಮದ ಚಕ್ಕೆಗಳನ್ನು ದಾರದಿಂದ ಹೆಣೆದು ಕವಚ ಮಾಡಬೇಕಿತ್ತು. ಮೊದಲ ಕವಚವನ್ನು ಪ್ರದರ್ಶನದ ಆಳೆತ್ತರದ ಗೊಂಬೆಗೆ ತೊಡಿಸಿದರೆ ಅದರ ಕೈ ಮೇಲೇಳಲಿಲ್ಲ. ಕೈ ಎತ್ತಲಾಗದ ಸೈನಿಕ ಯಾರ ತಲೆ ಹೊಡೆದಾನು? ಪೂರ್ತಿ ಬಿಚ್ಚಿ ಮತ್ತೆ ಹೆಣೆದಳು. ಬೆರಳ ತುದಿಗಳು ಒಡೆದು, ಸಾರಿಗೆ ಹುಣಸೆಹಣ್ಣು ಕಿವುಚಿದರೆ ಪ್ರಾಣ ಹೋಗುವಷ್ಟು ಉರಿ.

ನಿಲುವಂಗಿ ಇನ್ನೂ ಕಷ್ಟ. ಆ ಕಾಲದ ಮಗ್ಗದ ಅಗಲ ಕಿರಿದು. ಈಗಿನ ರೇಷ್ಮೆಯಲ್ಲಿ ಕತ್ತರಿಸಿದರೆ ಜೋಡಣೆಯ ಗೆರೆಗಳೆಲ್ಲ ತಪ್ಪು ಜಾಗದಲ್ಲಿ ಬರುತ್ತವೆ. ಒಹಾಯೋದ ಒಬ್ಬ ಮುದುಕಿ ಕೈಮಗ್ಗದಲ್ಲಿ ಅದೇ ಅಗಲಕ್ಕೆ, ಬಣ್ಣ ಹಾಕದ ರೇಷ್ಮೆಯನ್ನು ನೇಯ್ದುಕೊಟ್ಟಳು. ನೇಯ್ದು ಮುಗಿಸಿ, ಕಣ್ಣು ಸಾಲದು ಎಂದು ಮಗ್ಗವನ್ನೇ ಮಾರಿಬಿಟ್ಟಳು. ಹಾಗಾಗಿ ಇದ್ದದ್ದು ಅಷ್ಟೇ ಬಟ್ಟೆ. ಉಸಿರು ಬಿಟ್ಟರೆ ಅಲುಗುವಷ್ಟು ತೆಳ್ಳಗೆ, ಬೆಣ್ಣೆ ಕಾಯಿಸುವ ಮುಂಚೆ ಇರುವ ಬಣ್ಣ. ವಸುಧಾ ಅದಕ್ಕೆ ಕತ್ತರಿ ಹಾಕುವ ಮುಂಚೆ ಹಳೇ ಬೆಡ್‌ಶೀಟುಗಳಲ್ಲಿ ಎಷ್ಟು ಸಲ ಕತ್ತರಿಸಿ ನೋಡಿದಳೋ, ಮನೆಯಲ್ಲಿ ಹಾಸಲು ಬೆಡ್‌ಶೀಟು ಉಳಿಯಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ಹೆಸರಿಗೆ ಅವಳು ಸ್ವಯಂಸೇವಕಿ. ಪ್ರದರ್ಶನ ಚೆನ್ನಾಗಿ ಆದರೆ ಮ್ಯೂಸಿಯಂನಲ್ಲಿ ಬಟ್ಟೆಗಳ ವಿಭಾಗ ಶುರುಮಾಡಿ, ಅಲ್ಲಿ ಅವಳನ್ನು ಕಾಯಂ ಆಗಿ ತೆಗೆದುಕೊಳ್ಳುವುದಾಗಿ ಮಿಸ್ ಹಾಲಿಸ್ ಮಾತು ಕೊಟ್ಟಿದ್ದಳು. ಬಾಗಿಲ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆ ಎಂದೂ ಹೇಳಿದ್ದಳು. ವಸುಧಾ ಇದನ್ನು ಗಂಡನಿಗೆ ಹೇಳಿದಾಗ ಅವನು ಟೀವಿಯಿಂದ ಕಣ್ಣು ತೆಗೆಯದೆ, “ಗುಡ್, ಗುಡ್. ನಿಂಗೂ ಟೈಂ ಪಾಸ್ ಆಗತ್ತೆ” ಎಂದ.

ಎಪ್ಪತ್ತೇಳರ ಅಕ್ಟೋಬರಿನಲ್ಲಿ ಅತ್ತೆ ಅಂಬುಜಮ್ಮ ಬೆಂಗಳೂರಿನಿಂದ ಬಂದರು, ಆರು ತಿಂಗಳಿಗೆ. ಮಡಿ ಹೆಂಗಸು, ಮಾತು ಖಾರ. ಸೊಸೆ ಹೊಲಿಯುವುದು ಗೋರಿಯಲ್ಲಿ ಸಿಕ್ಕ ಗೊಂಬೆಗಳನ್ನು ನೋಡಿಕೊಂಡು ಎಂದು ತಿಳಿದ ದಿನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. “ಸತ್ತೋರ ಬಟ್ಟೇನ? ಅದೂ ಚೀನಾದೋರದ್ದು? ಸ್ನಾನ ಮಾಡ್ಕೊಂಡು ಅಡುಗೆಮನೇಗೆ ಬಾ ತಾಯಿ” ಎಂದರು. ಅಂದಿನಿಂದ ವಸುಧಾ ಸಂಜೆ ಮನೆಗೆ ಬಂದು, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ಇದ್ದರೂ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಒಗ್ಗರಣೆ ಹಾಕುತ್ತಿದ್ದಳು. ಒಳಗೊಳಗೇ ಕುದಿಯುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ಆ ದೊಡ್ಡ ಹಿಮಪಾತ. ರಸ್ತೆಗಳೆಲ್ಲ ಮುಚ್ಚಿಹೋಗುತ್ತವೆ ಎಂಬ ಸುದ್ದಿ ಬಂದಾಗ ನಿಲುವಂಗಿಯ ಅಂಚು ಮಡಿಸುವುದೊಂದು ಬಾಕಿ ಇತ್ತು. ಪ್ರದರ್ಶನ ಫೆಬ್ರವರಿ ಮೊದಲ ವಾರದಲ್ಲಿ. ಅದಕ್ಕೆ ಮುಂಚೆ ಶಿಕಾಗೋದಿಂದ ಒಬ್ಬ ಪರಿಣತರು ಬಂದು ಒಂದೊಂದು ಎಳೆಯನ್ನೂ ನೋಡುವವರಿದ್ದರು. ಮಿಸ್ ಹಾಲಿಸ್ ಯೋಚನೆ ಮಾಡಿ, ನಿಲುವಂಗಿಯ ಪೆಟ್ಟಿಗೆಯನ್ನು ಅವಳ ಕೈಗಿಟ್ಟಳು. “ಮ್ಯೂಸಿಯಂನ ವಸ್ತು ಹೊರಗೆ ಹೋಗುವುದು ಇದೇ ಮೊದಲು. ನಿನ್ನನ್ನು ನಂಬಿ ಕೊಡುತ್ತಿದ್ದೇನೆ, ವಸುಧಾ.”

ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ಒಗೆದ ಪಂಚೆ ಹಾಸಿ, ಅದರ ಮೇಲೆ ನಿಲುವಂಗಿ ಹರಡಿಕೊಂಡು ವಸುಧಾ ಅಂಚು ಹೊಲಿದಳು. ಹೊರಗೆ ಕಿಟಕಿಯ ಅರ್ಧದವರೆಗೆ ಹಿಮ. ಹೋಗಲು ಎಲ್ಲೂ ಜಾಗವಿಲ್ಲದೆ ಅಂಬುಜಮ್ಮನವರು ಎದುರಿಗೆ ಬಂದು ಕೂತರು. ಮೊದಲು ದೂರದಿಂದ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು. ರೇಷ್ಮೆಯನ್ನು ಕಂಡಮೇಲೆ ಮುಟ್ಟದೆ ಇರುವುದು ಆ ಹೆಂಗಸಿಗೆ ಸಾಧ್ಯವಿರಲಿಲ್ಲ.

“ಇದು ಸತ್ತೋರದ್ದಲ್ಲ, ಹೊಸದೇ ಅಲ್ವೇನೆ?”

“ಹೊಸದೇ ಅತ್ತೆ. ನಾನೇ ಹೊಲಿದಿರೋದು.”

“ಎಲ್ಲಾ ಕೈಯಲ್ಲೇ?”

“ಪೂರ್ತಿ ಕೈಯಲ್ಲೇ.”

ಅಂಬುಜಮ್ಮ ಕನ್ನಡಕ ಏರಿಸಿಕೊಂಡು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು. “ನಮ್ಮಮ್ಮ ಹೀಗೆ ಹೊಲೀತಿದ್ಲು. ಅವಳಾದ್ಮೇಲೆ ಇಂಥ ಕೈ ನಾನು ನೋಡಿರ್ಲಿಲ್ಲ” ಎಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅತ್ತೆಯ ಬಾಯಿಂದ ಬಂದ ಮೊದಲ ಮೆಚ್ಚುಗೆ. ವಸುಧಾಳಿಗೆ ಸೂಜಿಯ ಕಣ್ಣು ಮಂಜಾಯಿತು. ಅಷ್ಟು ವರ್ಷದ ಕುದಿತವೆಲ್ಲ ಒಂದೇ ಮಾತಿಗೆ ಆರಿತಲ್ಲ ಎಂದು ತನ್ನ ಮೇಲೇ ತುಸು ಕೋಪವೂ ಬಂತು.

ಮಾರನೆಯ ದಿನ ಅಂಚು ಮುಗಿಯಿತು. ಅವಳು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅಂಬುಜಮ್ಮ ದೇವರಿಗೆ ದೀಪ ಹಚ್ಚಿ, ಟೇಬಲ್ಲಿನ ಹತ್ತಿರ ನಿಂತಿದ್ದರು. ಮುಖದಲ್ಲಿ ನಗು. ಬಲಗೈಯ ಉಂಗುರದ ಬೆರಳು ಹಳದಿ.

“ಹೊಸ ಬಟ್ಟೇನ ಹಾಗೇ ಕೊಟ್ಟು ಕಳಿಸ್ತಾರೇನೆ? ಗೊಂಬೆ ಉಟ್ಕೊಂಡ್ರೂ ಹೊಸ ಬಟ್ಟೆ ಹೊಸ ಬಟ್ಟೇನೆ. ಮೂಲೇಗೆ ಅರಿಶಿನ ಹಚ್ಚಿದೀನಿ. ನಿನ್ನ ಕೆಲಸ ಗಟ್ಟಿಯಾಗ್ಲಿ.”

ವಸುಧಾ ಓಡಿಬಂದು ಅಂಚನ್ನು ಎತ್ತಿ ನೋಡಿದಳು. ಯಾವ ಸೀರೆಗಾದರೂ ಹಚ್ಚುವ ಹಾಗೆ ಒಳಮೂಲೆಗೇ ಹಚ್ಚಿದ್ದರು, ಅದೂ ನೀರಲ್ಲಿ ಕಲಸಿ, ಧಾರಾಳವಾಗಿ. ಆದರೆ ಆ ರೇಷ್ಮೆಗೆ ಒಳಗೆ ಹೊರಗೆ ಎಂಬುದೆಲ್ಲಿ? ಎಡಗಡೆಯ ಸೆರಗು ಬಲಕ್ಕೆ ಬಂದು, ಬೆನ್ನು ಸುತ್ತಿ, ಮತ್ತೆ ಎದುರಿಗೆ ಬಂದು ನಿಲ್ಲುವುದು ಆ ನಿಲುವಂಗಿಯ ಚೆಂದ. ಅರಿಶಿನ ಬಿದ್ದದ್ದು ಎದುರಿಗೆ ಬರುವ ಆ ತುದಿಗೇ. ಎರಡು ಸಾವಿರ ವರ್ಷದ ಹಿಂದಿನ ಚೀನಾದಲ್ಲಿ ಬಸವನಗುಡಿಯ ಅರಿಶಿನ.

ನೀರು ಹಾಕಿದರೆ ಹರಡುತ್ತದೆ. ಸೋಪು ತಾಗಿಸಿದರೆ ಕುಂಕುಮದಂತೆ ಕೆಂಪಾಗುತ್ತದೆ. ಇದು ನಮ್ಮ ಕಡೆ ಚಿಕ್ಕ ಹುಡುಗಿಯರಿಗೂ ಗೊತ್ತು. ಅರಿಶಿನದ ಕಲೆಗೆ ಇರುವುದು ಒಂದೇ ಔಷಧಿ, ಬಿಸಿಲು. ಮೈಸೂರಿನಲ್ಲಾಗಿದ್ದರೆ ಮಹಡಿಯ ಮೇಲೆ ಹರವಿದ್ದರೆ ಸಾಕಿತ್ತು, ತಾನೇ ಹಾರಿಹೋಗುತ್ತಿತ್ತು. ಮಿಷಿಗನ್‌ನ ಆಕಾಶ ಆ ವಾರವೆಲ್ಲ ಬೂದಿ ಬಳಿದುಕೊಂಡು ಕೂತಿತ್ತು. ವಸುಧಾ ನಿಲುವಂಗಿಯನ್ನು ಪೂರ್ವದ ಕಿಟಕಿಯಿಂದ ದಕ್ಷಿಣದ ಕಿಟಕಿಗೆ, ಅಲ್ಲಿಂದ ಪಶ್ಚಿಮದ ಕಿಟಕಿಗೆ ಎತ್ತಿಕೊಂಡು ಓಡಾಡಿದಳು. ದೇವರೇ, ಒಂದು ದಿನ ಸೂರ್ಯನನ್ನು ಕಳಿಸಪ್ಪಾ ಎಂದು ಬೇಡಿದಳು. ಬರಲಿಲ್ಲ, ಸೂರ್ಯನೂ, ದೇವರೂ.

“ಬೆಳಕಿಗೆ ಹಿಡಿದು ನೋಡ್ತಿದೀಯಾ? ಒಂದು ಸೊಟ್ಟ ಇಲ್ಲ, ಸುಮ್ನಿರು” ಎಂದು ಅಂಬುಜಮ್ಮ ಕಾಫಿ ತಂದುಕೊಟ್ಟರು. ಕೇಳದೆಯೇ ಕಾಫಿ ಮಾಡಿಕೊಟ್ಟದ್ದೂ ಅದೇ ಮೊದಲು. ಅದನ್ನು ಕುಡಿಯುತ್ತ ವಸುಧಾಳಿಗೆ ಹೇಳುವ ಧೈರ್ಯ ಆಗಲಿಲ್ಲ.

ರಸ್ತೆ ತೆರೆದ ದಿನ ಮ್ಯೂಸಿಯಂನಲ್ಲಿ ಮಿಸ್ ಹಾಲಿಸ್ ಪೆಟ್ಟಿಗೆ ತೆರೆದಳು. ಕಲೆಯನ್ನು ನೋಡಿದಳು. ಯಾರು ಮಾಡಿದ್ದು ಎಂದಳು. ವಸುಧಾಳ ನಾಲಿಗೆಯ ತುದಿಗೆ ಬಂದದ್ದು ಅತ್ತೆಯ ಹೆಸರೇ. ಆದರೆ ಹಾರೈಸಿ ಹಚ್ಚಿದ್ದು ಎಂಬುದನ್ನು ಆ ಬಿಳಿಯ ಕೋಣೆಯಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಹೇಳಿದರೆ ತನ್ನ ಮನೆಯವರೆಲ್ಲ ಎಂಥವರಾಗಿ ಕಾಣುತ್ತಾರೆ? “ನನ್ನಿಂದಲೇ ಆಯಿತು. ಬಿಸಿಲು ಬಂದರೆ ಹೋಗುತ್ತದೆ, ಸ್ವಲ್ಪ ದಿನ ಕೊಡಿ” ಎಂದಳು. ಬಿಸಿಲಿಗೆ ಕಲೆ ಹೋಗುವುದಂತೆ! ಮಿಸ್ ಹಾಲಿಸ್‌ಗೆ ಅದು ನೆಪದ ಹಾಗೆ ಕೇಳಿಸಿತು. ಅವಳು ಸಹಾಯಕನನ್ನು ಕರೆದಳು, ಅವನು ಹತ್ತಿಗೆ ಸೋಪಿನ ನೀರು ಅದ್ದಿದ. ಬೇಡ, ಬೇಡ ಎಂದು ವಸುಧಾ ಕೂಗಿಕೊಂಡದ್ದು ಕನ್ನಡದಲ್ಲಿ.

ಕಲೆ ರಕ್ತದಂತೆ ಕೆಂಪಾಗಿ ಅಂಗೈಯಗಲ ಹರಡಿತು. ಎಲ್ಲರೂ ಅವಳ ಕಡೆ ನೋಡಿದರು, ಸೋಪು ಹಚ್ಚಿದವನ ಕಡೆ ಯಾರೂ ನೋಡಲಿಲ್ಲ.

ಪ್ರದರ್ಶನದಲ್ಲಿ ಸೈನಿಕನೊಬ್ಬನೇ ನಿಂತ. ಗೃಹಿಣಿಯ ಜಾಗ ಖಾಲಿ. ಬಟ್ಟೆಗಳ ವಿಭಾಗದ ಮಾತು ಮತ್ತೆ ಬರಲಿಲ್ಲ. ಇನ್ನು ಬರುವುದು ಬೇಡ, ಪ್ರಶ್ನೆ ಬಟ್ಟೆಯದಲ್ಲ, ನಂಬಿಕೆಯದು ಎಂದು ಮಿಸ್ ಹಾಲಿಸ್ ಸೌಮ್ಯವಾಗಿಯೇ ಹೇಳಿದಳು. ಆ ಸಲ ಅವಳು ವಸುಧಾಳನ್ನು ಮಿಸೆಸ್ ರಾವ್ ಎಂದು ಕರೆದಳು.

ಏಪ್ರಿಲ್‌ನಲ್ಲಿ, ಅಂಬುಜಮ್ಮ ಊರಿಗೆ ಹೊರಡುವ ಮುಂಚೆ, ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ಶೇಷಗಿರಿಯ ಸ್ನೇಹಿತ ರಘೋತ್ತಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹೋದರು. ಊಟವಾದ ಮೇಲೆ ಹೆಂಗಸರ ಮಧ್ಯೆ ಅಂಬುಜಮ್ಮ ಸೊಸೆಯ ಬೆನ್ನು ಸವರಿದರು. “ನನ್ನ ನೋಡ್ಕೊಳ್ಳೋಕೆ ಅಂತ ಇಷ್ಟಪಟ್ಟು ಸೇರಿದ್ದ ಕೆಲಸ ಬಿಟ್ಬಿಟ್ಲು ಕಣ್ರೀ. ಹೇಳಿದ್ರೆ ನಾನು ಬೇಡ ಅಂತಿದ್ದೆ, ನಂಗೆ ಹೇಳ್ಲೇ ಇಲ್ಲ. ಶೇಷೂ ಹೇಳಿದ್ಮೇಲೇ ಗೊತ್ತಾಗಿದ್ದು.”

“ಅದೃಷ್ಟವಂತರು ಆಂಟಿ ನೀವು. ಈ ಕಾಲದಲ್ಲಿ ಇಂಥ ಸೊಸೆ ಎಲ್ಲಿ ಸಿಗ್ತಾಳೆ?” ಎಂದಳು ರಘೋತ್ತಮನ ಹೆಂಡತಿ ನಿರುಪಮಾ. ಎಲ್ಲರೂ ಹೌದು ಹೌದು ಎಂದರು. ಅಷ್ಟು ಜನ ಒಟ್ಟಿಗೆ ವಸುಧಾಳನ್ನು ಹೊಗಳಿದ್ದು ಅದುವರೆಗೆ ಆಗಿರಲಿಲ್ಲ.

ಅರಿಶಿನದ ವಿಷಯ ಅವಳು ಹೇಳಿಕೊಂಡಿದ್ದದ್ದು ಗಂಡನೊಬ್ಬನಿಗೇ. ಅವನನ್ನು ನೋಡಿದಳು. ಅವನು ಎಲೆಯಡಿಕೆ ತಟ್ಟೆಯ ಕಡೆ ತಿರುಗಿಕೊಂಡ.

ವಾಪಸು ಬರುವಾಗ ಹೈವೇ ಸೇರುವವರೆಗೂ ಅವಳು ತಡೆದುಕೊಂಡಿದ್ದಳು. ಆಮೇಲೆ, ಹಿಂದಿನ ಸೀಟಿನಲ್ಲಿ ಅತ್ತೆ ಇದ್ದಾರೆ ಎಂಬುದನ್ನೂ ಲೆಕ್ಕಿಸದೆ, ಮುಂದಿನ ಸೀಟಿನಿಂದಲೇ ಕೇಳಿದಳು.

“ಅತ್ತೆಗೆ ಯಾಕೆ ಹಾಗೆ ಹೇಳಿದ್ರಿ?”

“ಇನ್ನೇನು ಹೇಳೋದು?” ಅವನು ದನಿ ತಗ್ಗಿಸಿದ. “ವಯಸ್ಸಾದೋಳು, ನೊಂದ್ಕೋತಾಳೆ. ನಿಂಗೂ ಒಳ್ಳೇ ಹೆಸರು ಬಂತಲ್ಲ.”

“ನಂಗೆ ಈ ಹೆಸರು ಬೇಡ” ಎಂದಳು ವಸುಧಾ. ಹಿಂದಕ್ಕೆ ತಿರುಗಿದಳು. “ನಾನು ಕೆಲಸ ಬಿಡ್ಲಿಲ್ಲ ಅತ್ತೆ. ನೀವು ಹಚ್ಚಿದ ಅರಿಶಿನ ಹೋಗ್ಲಿಲ್ಲ, ಬಟ್ಟೆ ಕೆಟ್ಟೋಯ್ತು. ಅವರು ನನ್ನ ತೆಗೆದ್ಹಾಕಿದ್ರು.”

ಶೇಷಗಿರಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡ. ಅಂಬುಜಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಇಂಡಿಯಾನಾದ ಕಾರ್ಖಾನೆಗಳೆಲ್ಲ ಹಿಂದೆ ಸರಿದ ಮೇಲೆ ಅವರ ಧ್ವನಿ ಬಂತು. ಖಾರವಿರಲಿಲ್ಲ.

“ಆ ಕೆಲಸ ನಿಂಗೆ ಅಷ್ಟೊಂದು ಬೇಕಾಗಿತ್ತೇನೆ?”

ಅಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಉತ್ತರ ಕೊಡಲು ಅವಳು ಬಾಯಿ ತೆರೆಯುವುದರೊಳಗೆ ಶೇಷಗಿರಿ ನಕ್ಕು, “ಏನಮ್ಮಾ ನೀನು, ಟೈಂ ಪಾಸ್‌ಗೆ ಹೋಗ್ತಿದ್ಲು ಅಷ್ಟೆ. ಅದೇನು ದೊಡ್ಡ ವಿಷಯ?” ಎಂದ.

“ನಿನ್ನ ಕೇಳ್ಲಿಲ್ಲ, ನೀನು ಸುಮ್ನೆ ಓಡ್ಸು” ಎಂದರು ಅಂಬುಜಮ್ಮ.

“ಬೇಕಾಗಿತ್ತು ಅತ್ತೆ” ಎಂದಳು ವಸುಧಾ. “ತುಂಬಾ ಬೇಕಾಗಿತ್ತು.”