ದೊಡ್ಡಿಯ ಗೌಡರ ಹನ್ನೊಂದು ಹಂದಿಗಳು

ನಮ್ಮ ಯಜಮಾನರಿಗೆ ದೊಡ್ಡಿ ಕಾಯುವ ಕೆಲಸ ಸಿಕ್ಕಿದ್ದು ಅವರು ಮಾಂಸ ತಿನ್ನುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಅವರಿಗಿಂತ ಮುಂಚೆ ಇದ್ದವನ ಕಾಲದಲ್ಲಿ, ಯಾರದೋ ಬೆಳೆ ಮೇಯ್ದು ಸಿಕ್ಕಿಬಿದ್ದ ಆಡುಗಳು ಹಬ್ಬದ ಹಿಂದಿನ ದಿನ ಹೇಗೋ ದೊಡ್ಡಿಯ ಬೇಲಿ ಹಾರಿ ಮಾಯವಾಗುತ್ತಿದ್ದವಂತೆ. ಪಂಚಾಯ್ತಿಯವರು ಯೋಚಿಸಿ, ಚೇಕಾಡಿಯ ಜೈನರ ಮನೆಯ ವಿಮಲನಾಥ ಗೌಡರೇ ಸರಿ, ಆಡು ಎಷ್ಟು ಕೊಬ್ಬಿದರೂ ಅವರ ಬಾಯಲ್ಲಿ ನೀರೂರುವುದಿಲ್ಲ ಎಂದು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ದೊಡ್ಡಿ ಇದ್ದದ್ದು ನಮ್ಮ ಹಿತ್ತಲಿಗೆ ತಾಗಿಕೊಂಡು. ಅಡಿಗೆಮನೆಯ ಕಿಟಕಿ ತೆರೆದರೆ ಎದುರಿಗೇ ಅದರ ಬಾಗಿಲು.

ಅವರ ಸ್ವಭಾವ ಹೇಳುತ್ತೇನೆ ಕೇಳಿ. ದೊಡ್ಡಿಯ ಕಾನೂನಿನ ಪುಸ್ತಕವನ್ನು ತಗಡಿನ ಪೆಟ್ಟಿಗೆಯಲ್ಲಿ, ಬಸದಿಗೆ ಉಡುವ ಮಡಿಯ ಪಂಚೆಯ ಕೆಳಗೆ ಇಟ್ಟಿದ್ದರು. ಒಮ್ಮೆ ನಮ್ಮದೇ ಎಮ್ಮೆ ಪಕ್ಕದವರ ಗದ್ದೆಗೆ ಬಾಯಿ ಹಾಕಿತೆಂದು ತಾವೇ ಹಿಡಿದು ದೊಡ್ಡಿಯಲ್ಲಿ ಕಟ್ಟಿ, ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕೆಂದು ನನಗೆ ಹೇಳಿ ಕಳಿಸಿದರು. ಕಳಿಸಿದ್ದು ಎಲ್ಲಿಗೆ? ಇಪ್ಪತ್ತು ಹೆಜ್ಜೆ ದೂರದ ಅಡಿಗೆಮನೆಗೆ. ಅಂಥ ಮನುಷ್ಯನ ಜೊತೆ ಸಂಸಾರ ಮಾಡಿದವಳು ನಾನು.

ಅದು ತೆಂಕಣದ ತಿರುವಾಂಕೂರಿನಿಂದ ಜನ ಗುಂಪು ಗುಂಪಾಗಿ ವಯನಾಡಿನ ಗುಡ್ಡ ಹತ್ತಿ ಬರುತ್ತಿದ್ದ ಕಾಲ. ಕಾಡು ಕಡಿದು, ಕಪ್ಪ ನೆಟ್ಟು, ಗುಡಿಸಲು ಹಾಕುತ್ತಿದ್ದರು. ಕಪ್ಪ ಎಂದರೆ ಮರಗೆಣಸು. ಅವರ ಬಾಯಿಂದ ನಮ್ಮ ಬಾಯಿಗೂ ಆ ಮಾತು ಬಂತು. ಹಾಗೆ ಬಂದವರಲ್ಲಿ ಒಬ್ಬಾತ ಸಾಕುಹಂದಿಗಳನ್ನೂ ತಂದಿದ್ದ. ಎರಡು ಮಳೆಗಾಲ ಮಲೇರಿಯಾದಲ್ಲಿ ನಡುಗಿ, ಮೂರನೆಯದಕ್ಕೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟುಹೋದ. ಹಂದಿಗಳನ್ನು ಹಿಂದೆ ಬಿಟ್ಟ. ಅವು ಕಾಡಿನ ಅಂಚು ಹಿಡಿದು, ಮರಿ ಹಾಕಿ, ರೋಮ ಬೆಳೆಸಿಕೊಂಡು, ನಮ್ಮ ಗಂಧಕಸಾಲೆ ಭತ್ತದ ಗದ್ದೆಗಳನ್ನು ಉಳುಮೆ ಮಾಡತೊಡಗಿದವು.

ಅರಣ್ಯದ ಆಫೀಸಿಗೆ ಹೋದರೆ, ಇವು ಊರಹಂದಿ, ನಮ್ಮವಲ್ಲ ಎಂದರು. ಪಂಚಾಯ್ತಿಗೆ ಹೋದರೆ, ಯಜಮಾನನಿಲ್ಲ, ಕಾಡು ಸೇರಿವೆ, ನಮ್ಮವಲ್ಲ ಎಂದರು. ಯಾರವೂ ಅಲ್ಲದ ಹಂದಿಗಳು ಎಲ್ಲರ ಭತ್ತ ತಿಂದವು. ಆಗ ಹೊಸದಾಗಿ ಬಂದು ನೆಲೆಸಿದ್ದ ಮೋಹನನ್ ಎಂಬ ರೈತ ತನ್ನದೇ ದಾರಿ ಹಿಡಿದ. ಹಂದಿ ಕಚ್ಚಿದರೆ ಸಿಡಿಯುವ ಮದ್ದುಂಡೆಯನ್ನು ಕಾಡಂಚಿನ ಕಾಲುದಾರಿಯಲ್ಲಿ ಇಟ್ಟ. ಕಚ್ಚಿದ್ದು ಹಂದಿಯಲ್ಲ, ಒಂದು ಹಸುಗರು. ಅದರ ದವಡೆ ಹಾರಿಹೋಯಿತು. ಸಾಯಲು ಎರಡು ದಿನ ತೆಗೆದುಕೊಂಡಿತು.

ಆ ಕಾಲುದಾರಿಯಲ್ಲೇ ಕಾಡಿನವರಾದ ಕಾಟುನಾಯ್ಕರ ಹೆಂಗಸರು ಕಾಡುಗೆಣಸು ಅಗೆಯಲು ಹೋಗುವುದು. ನಮ್ಮ ಗದ್ದೆಯ ಕೆಲಸಕ್ಕೆ ಬರುವ ವೆಳ್ಳನ್‌ನ ಹೆಂಡತಿ ಕುಳ್ಳಿ ದಿನವೂ ಅಲ್ಲೇ. ಅಗೆಯುವ ಕೋಲು ನೆಲಕ್ಕೆ ಚುಚ್ಚುವಾಗ ಕೆಳಗೆ ಏನಿದೆ ಎಂದು ಯಾರು ನೋಡುತ್ತಾರೆ? ವೆಳ್ಳನ್ ಮಾರನೆಯ ದಿನವೇ ಬಂದು ಅಂಗಳದಲ್ಲಿ ನಿಂತ.

"ಗೌಡ್ರೆ, ಇವಳಿಗೆ ಹೋಗ್ಬೇಡ ಅಂದ್ರೆ ಕೇಳ್ತಿಲ್ಲ. ಹೋಗ್ದಿದ್ರೆ ತಿನ್ನೋದೇನು ಅಂತಾಳೆ. ನೀವಾದ್ರೂ ಏನಾರ ಮಾಡಿ."

"ಆ ದಾರೀಲಿ ಇನ್ನು ಮದ್ದು ಬೀಳಲ್ಲ. ನಾನು ಮಾತು ಕೊಡ್ತೀನಿ," ಎಂದುಬಿಟ್ಟರು ಯಜಮಾನರು. ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳದೆ ಮಾತು ಕೊಡುವುದು ಅವರ ಹಳೆಯ ಚಾಳಿ.

ಪಂಚಾಯ್ತಿಯಲ್ಲಿ ಪುಸ್ತಕ ಬಿಚ್ಚಿ ಓದಿದರು. ಆ ಕಾನೂನಿನ ಪ್ರಕಾರ ಆನೆಯೂ ದನ, ಒಂಟೆಯೂ ದನ, ಹಂದಿಯೂ ದನ. ಬೆಳೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಸೇರಿಸಬೇಕು, ಯಜಮಾನ ಬರದಿದ್ದರೆ ಡಂಗುರ ಸಾರಿಸಿ, ಏಳು ದಿನ ಕಾದು ಹರಾಜು ಹಾಕಬೇಕು. ಮೋಹನನ್ ನಕ್ಕ. "ನಿಯಮ ಸರಿ ಗೌಡರೇ, ಪನ್ನಿಗೆ ಓದಲು ಬರುತ್ತದೋ?" ಎಂದ. ಪನ್ನಿ ಎಂದರೆ ಅವರ ಮಾತಿನಲ್ಲಿ ಹಂದಿ. ಕೊನೆಗೆ ಕೊಯ್ಲು ಶುರುವಾಗುವ ತನಕ ಸಮಯ ಕೊಟ್ಟರು. ಅಷ್ಟರಲ್ಲಿ ಹಂದಿ ಹಿಡಿಯದಿದ್ದರೆ ದಾರಿಯುದ್ದಕ್ಕೂ ಮದ್ದುಂಡೆ ಇಡುವುದೆಂದು ಐದಾರು ಮಂದಿ ಎದ್ದು ನಿಂತೇ ಹೇಳಿದರು.

ಕೊಯ್ಲಿಗೆ ಉಳಿದದ್ದು ಹೆಚ್ಚೆಂದರೆ ಒಂದೂವರೆ ತಿಂಗಳು. ಮೊದಲ ವಾರ ಒಂದು ದೊಡ್ಡ ಹೆಣ್ಣುಹಂದಿ ಕುಂಬಳಕಾಯಿಯ ಆಸೆಗೆ ದೊಡ್ಡಿಯೊಳಗೆ ಬಂದು ಸಿಕ್ಕಿತು. ಯಜಮಾನರು ಗೆದ್ದವರಂತೆ ಓಡಾಡಿದರು. ಆದರೆ ಅದರ ಮರಿಗಳೂ ಉಳಿದ ಹಿಂಡೂ ಬೇಲಿಯ ಹೊರಗೆ ನಿಂತು ಕಿರುಚಿದ್ದು ಕಿರುಚಿದ್ದೇ. ಮಧ್ಯಾಹ್ನದ ಹೊತ್ತಿಗೆ ಇವರ ಮುಖ ಸಣ್ಣದಾಯಿತು. ಸಂಜೆ ನೋಡಿದರೆ, ಒಂದು ಕುಕ್ಕೆ ತವುಡು, ಬಾಳೆಹಣ್ಣು ಹೊತ್ತುಕೊಂಡು ಹೋಗಿ ಬೇಲಿಯ ಹೊರಗೆ ಸುರಿಯುತ್ತಿದ್ದಾರೆ.

"ಒಳಗಿರೋದನ್ನ ಹಿಡಿಯೋದು, ಹೊರಗಿರೋದಕ್ಕೆ ಊಟ ಹಾಕೋದು. ಇದ್ಯಾವ ಕಾನೂನು?" ಎಂದೆ.

"ಹಸಿದಿದಾವೆ ಲೀಲಾ. ಹೊತ್ತು ಮುಳುಗೋ ಮುಂಚೆ ಒಂದು ತುತ್ತು ತಿಂದ್ಕೊಳ್ಳಲಿ."

ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಕತ್ತಲಲ್ಲಿ ಅನ್ನದ ಜೊತೆ ಹುಳು ಹುಪ್ಪಟೆ ಸತ್ತೀತೆಂಬ ನೇಮ ಅದು. ಆದರೆ ಆ ನೇಮವನ್ನು ಹಂದಿಗಳಿಗೂ ಹಚ್ಚಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನವೂ ಹೊತ್ತಿಳಿಯುವ ಒಂದು ಗಳಿಗೆ ಮುಂಚೆ ಊಟ. ತಡವಾದರೆ ಆ ದಿನ ಇಲ್ಲ. ಮೋಹನನ್ ಮನೆಗೆ ಹೋಗಿ ಕಪ್ಪದ ಸಿಪ್ಪೆ ಬೇಡಿ ತರುತ್ತಿದ್ದರು. ನಮ್ಮ ನೇಮದಂತೆ ಜನ್ಮದಲ್ಲಿ ಗೆಡ್ಡೆ ಗೆಣಸು ಮುಟ್ಟದ ಮನುಷ್ಯ, ಅದರ ಸಿಪ್ಪೆಯ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ಬಸದಿಯ ಮುಂದೆಯೇ ನಡೆದುಬರುತ್ತಿದ್ದರು. ಆಮೇಲೆ ತಲೆಗೆ ನೀರು. ಹಂಡೆಗೆ ಉರಿ ಹಾಕಿ ಹಾಕಿ ನನ್ನ ಕಣ್ಣು ಹೊಗೆಗೆ ಸೋರುತ್ತಿತ್ತು. ಗೌಡರು ಹಂದಿಗಳಿಗೆ ಅನ್ನದಾನ ಮಾಡುತ್ತಿದ್ದಾರೆ ಎಂದು ಊರೆಲ್ಲ ಆಡಿಕೊಂಡಿತು. ನನಗೆ ನಾಚಿಕೆಯಿಂದ ಬಾವಿಯ ಹತ್ತಿರ ಹೋಗುವುದೂ ಕಷ್ಟವಾಯಿತು.

ಇದರಲ್ಲಿ ಏನೋ ಇದೆ ಎಂದು ಕಂಡುಕೊಂಡವನು ವೆಳ್ಳನ್. ಒಂದು ಸಂಜೆ ಬೇಲಿಗೊರಗಿ ಸುಮ್ಮನೆ ನೋಡುತ್ತಿದ್ದವನು ಹೇಳಿದ:

"ಗೌಡ್ರೆ, ಇವು ರಾತ್ರಿ ಗದ್ದೆಗೆ ಹೋಗೋದು ಕಮ್ಮಿ ಆಗ್ಯದೆ. ಬೆಳಕಿರೋವಾಗ್ಲೇ ಇಲ್ಲಿ ಬಂದು ಕಾಯ್ತವೆ. ಒಂದೊಂದೇ ಹಿಡಿದ್ರೆ ಮಿಕ್ಕವು ಬೆದರಿ ಕಾಡು ಸೇರ್ತವೆ. ಮೊದ್ಲು ಎಲ್ಲಾ ಒಳಗ್ ಬರ್ಲಿ."

ಅಂದಿನಿಂದ ಊಟ ದಿನಕ್ಕೆ ಒಂದು ಮಾರು ಒಳಗೆ ಸರಿಯಿತು. ಸಿಕ್ಕಿದ್ದ ಹೆಣ್ಣುಹಂದಿಯನ್ನು ದೊಡ್ಡಿಯ ಹಿಂದಿನ ಮೂಲೆಯಲ್ಲಿ ಬೇರೆ ಬೇಲಿಯೊಳಗೆ ಇಟ್ಟು, ಹೊರಳಾಡಲು ಕೆಸರು, ತಲೆಯ ಮೇಲೆ ಸೋಗೆಯ ನೆರಳು ಮಾಡಿಕೊಟ್ಟರು. ಅದಕ್ಕೆ ಡಂಗುರವೂ ಆಗಿತ್ತು, ಏಳು ದಿನವೂ ಕಳೆದಿತ್ತು. ಹಿಂಡು ಸಿಗುವ ತನಕ ಹರಾಜು ಮುಂದಕ್ಕೆ ಹಾಕಲು ಅರ್ಜಿ ಬರೆದು ಒಪ್ಪಿಗೆ ತಂದರು. ದೊಡ್ಡಿಯ ಬಾಗಿಲಿಗೆ, ಹಗ್ಗ ಬಿಟ್ಟರೆ ಮೇಲಿಂದ ಬೀಳುವ ಹಲಗೆ ಕೂರಿಸಿದರು. ಹಗ್ಗ ಹಿಡಿಯುವವರು ಯಾರು? ಬಾಗಿಲ ಹತ್ತಿರ ಗಂಡಸರು ನಿಂತರೆ ಹಂದಿ ಒಳಗೆ ಬರುವುದಿಲ್ಲ. ನನ್ನ ಒಲೆಯ ಹೊಗೆ, ಪಾತ್ರೆಯ ಸದ್ದು ಅವಕ್ಕೆ ರೂಢಿಯಾಗಿತ್ತು. ಹಾಗಾಗಿ ಹಗ್ಗದ ತುದಿ ನನ್ನ ಅಡಿಗೆಮನೆಯ ಕಿಟಕಿಗೆ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಾ ಹಂದಿ ಎಣಿಸುವುದು ನನ್ನ ಪಾಲಿನ ಪುಣ್ಯ.

ಒಂಬತ್ತು ಬರುತ್ತಿದ್ದವು. ಹತ್ತನೆಯದು, ಒಂದು ಮುದಿ ಗಂಡುಹಂದಿ, ಹೊಸ್ತಿಲಲ್ಲಿ ನಿಂತು ಮೂಗಾಡಿಸಿ ಹಿಂದೆ ಸರಿಯುತ್ತಿತ್ತು. ಕೊಯ್ಲಿಗೆ ನಾಲ್ಕು ದಿನ ಉಳಿದಿತ್ತು, ಮೂರು ಉಳಿಯಿತು. ಬೇಲಿಯಾಚೆ ಮೋಹನನ್ ಕೈಕಟ್ಟಿ ನಿಂತು ನೋಡಿ ಹೋಗುತ್ತಿದ್ದ. ಒಂಬತ್ತನ್ನಾದರೂ ಹಿಡಿಯೋಣ ಎಂದು ನಾನು ಗೋಗರೆದೆ. ಒಂದು ಉಳಿದರೂ ಅದರ ಹೆಸರಲ್ಲಿ ಮದ್ದು ಬೀಳುತ್ತದೆ ಎಂದರು ಯಜಮಾನರು. ಎರಡು ದಿನ ಉಳಿದಾಗ ಆ ಮುದಿಯ ಹಸಿವು ಗೆದ್ದಿತು, ಒಳಗೆ ಬಂತು. ನಾನು ಹಗ್ಗ ಬಿಟ್ಟೆ. ಹಲಗೆ ಬಿದ್ದ ಸದ್ದಿಗೆ ನನ್ನ ಕೈಯಲ್ಲಿದ್ದ ಸೌಟೂ ಬಿತ್ತು. ಮೊದಲಿನದೂ ಸೇರಿ ಹನ್ನೊಂದು. ಒಂದಕ್ಕೂ ಗಾಯವಿಲ್ಲ.

ಇಲ್ಲಿಗೆ ಕಷ್ಟ ಮುಗಿಯಿತು ಎಂದುಕೊಂಡಿದ್ದೆ. ಡಂಗುರ ಸಾರಿ ಏಳನೆಯ ದಿನ ಯಜಮಾನರ ದೊಡ್ಡಪ್ಪ ಪದ್ಮಪ್ಪನವರು ಬಂದು ಜಗಲಿಯ ಮೇಲೆ ಕುಳಿತರು. ನೀರೂ ಮುಟ್ಟಲಿಲ್ಲ.

"ನಾಳೆ ಹರಾಜು. ಕೊಳ್ಳೋರು ಯಾಕೆ ಕೊಳ್ತಾರೆ ಅಂತ ನಿನಗೆ ಗೊತ್ತಲ್ಲ ಮಗಾ. ಹನ್ನೊಂದು ಜೀವ."

"ಗೊತ್ತು ದೊಡ್ಡಪ್ಪ."

"ನೀನೇ ಕೊಂಡ್ಕೊ. ನಾವೆಲ್ಲ ಸೇರಿ ಕೊಡ್ತೀವಿ."

"ದೊಡ್ಡಿ ಕಾಯೋನು ಕೊಳ್ಳೋ ಹಾಗಿಲ್ಲ. ಬೇರೆಯೋರ ಹೆಸರಲ್ಲೂ ಕೊಳ್ಳಿಸೋ ಹಾಗಿಲ್ಲ."

"ಹಾಗಾದ್ರೆ ಬೆಳಗ್ಗೆ ಹಲಗೆ ಎತ್ತಿಬಿಡು. ತಪ್ಪಿಸ್ಕೊಂಡ್ವು ಅಂದ್ರೆ ಆಯ್ತು. ಯಾರು ಕೇಳ್ತಾರೆ?"

ಯಜಮಾನರು ದೊಡ್ಡಿಯ ಹಲಗೆಯ ಕಡೆ ತಿರುಗಿದರು. ಅವರು ಒಪ್ಪಿಬಿಡುತ್ತಾರೆ ಎಂದೇ ನನಗನ್ನಿಸಿತು. ನಿಜ ಹೇಳುತ್ತೇನೆ, ಒಪ್ಪಲಿ ಎಂದೂ ಅನ್ನಿಸಿತು. ಅಷ್ಟು ದಿನ ಶಪಿಸಿದ ಹಂದಿಗಳು ಕಿಟಕಿಯಾಚೆ ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ದವು.

"ಹಲಗೆ ಎತ್ತಿದ್ರೆ ನಾಡಿದ್ದು ದಾರೀಲಿ ಮದ್ದು ಬೀಳ್ತದೆ ದೊಡ್ಡಪ್ಪ. ಕುಳ್ಳಿ ಆ ದಾರೀಲಿ ಹೋಗ್ತಾಳೆ. ಹನ್ನೊಂದು ಜೀವದ ಪಾಪ ನನ್ನ ತಲೆ ಮೇಲೇ ಇರ್ಲಿ."

"ಹಗ್ಗ ಬಿಟ್ಟೋಳು ನಾನು. ಅರ್ಧ ನನ್ನದು," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಪದ್ಮಪ್ಪನವರು ಎದ್ದು ಹೋದರು. ಮುಂದೆ ಎಷ್ಟೋ ವರ್ಷ ಬಸದಿಯ ಅಭಿಷೇಕಕ್ಕೆ ನಮ್ಮ ಯಜಮಾನರ ಕೈಗೆ ಕಲಶ ಕೊಡಲಿಲ್ಲ.

ಹರಾಜು ಆಯಿತು. ಕಾಲು ಕಟ್ಟಿ ಕೋಲಿಗೆ ನೇತುಹಾಕಕೂಡದು, ಗಾಡಿಯಲ್ಲೇ ಒಯ್ಯಬೇಕು, ಮರಿ ತಾಯಿ ಒಟ್ಟಿಗಿರಬೇಕು ಎಂದು ಜಗಳವಾಡಿ, ಅಷ್ಟನ್ನು ಮಾತ್ರ ನಡೆಸಿಕೊಂಡರು. ಗಾಡಿಗಳು ಮರೆಯಾದ ಮೇಲೆ ಸ್ನಾನ ಮಾಡಿ ಮೂರು ದಿನದ ಉಪವಾಸ ಹಿಡಿದರು. ಮೂರು ದಿನ ಮುಗಿದು ನಾಲ್ಕನೆಯದಾದರೂ ಎಲೆಯ ಮುಂದೆ ಕೂರಲಿಲ್ಲ. ನಾನು ಬೈದೆ, ಕಣ್ಣೀರು ಹಾಕಿದೆ, ಗಂಜಿಯ ತಟ್ಟೆ ಕುಕ್ಕಿದೆ. ಜಗಲಿಯ ಕಂಬಕ್ಕೊರಗಿ ಖಾಲಿ ದೊಡ್ಡಿಯನ್ನೇ ನೋಡುತ್ತಿದ್ದರು.

ಐದನೆಯ ದಿನ ಕುಳ್ಳಿ ಕಾಡಿನ ಕಡೆಯಿಂದ ಬಂದು ಅಂಗಳದಲ್ಲಿ ಬುಟ್ಟಿ ಇಳಿಸಿ ನೀರು ಕೇಳಿದಳು. ಒಂದು ಒಳ್ಳೆಯ ಮಾತು ಇವಳ ಬಾಯಿಂದಾದರೂ ಬರಲಿ, ಇವರ ಕಿವಿಗೆ ಬೀಳಲಿ ಎಂದು ನಾನೇ ಕೇಳಿದೆ, ದಾರಿ ಈಗ ಹೇಗಿದೆಯೆಂದು.

"ಹಂದಿ ಇದ್ದಾಗ್ಲೇ ವಾಸಿ ಇತ್ತು ಗೌಡ್ತಮ್ಮ," ಎಂದಳು ಕುಳ್ಳಿ, ಸಿಟ್ಟಿನಿಂದಲೇ. "ಮಣ್ಣೆಲ್ಲ ಅವೇ ಕೆದ್ರಿ ಮೆತ್ತಗೆ ಮಾಡ್ತಿದ್ವು. ಈಗ ಒಂದು ಗೆಣಸು ಕೀಳ್ಬೇಕಂದ್ರೆ ಎರಡೂ ಕೈ ಬಿದ್ದೋಗ್ತವೆ. ನೋಡಿ."

ಬೊಬ್ಬೆ ಎದ್ದ ಎರಡೂ ಅಂಗೈಗಳನ್ನು ನನ್ನ ಮುಖಕ್ಕೆ ಹಿಡಿದಳು. ನನಗೆ ಎಂಥ ಕೋಪ ಬಂತೆಂದರೆ, ಚೊಂಬು ಅಲ್ಲೇ ಎಸೆಯುವವಳಿದ್ದೆ. ಅಷ್ಟರಲ್ಲಿ ಹಿಂದಿನಿಂದ ನಗು ಕೇಳಿಸಿತು. ಯಜಮಾನರು ಹತ್ತೂ ಬೆರಳು ನೆಟ್ಟಗಿದ್ದ ಅವಳ ಕೈಗಳನ್ನೇ ನೋಡುತ್ತಾ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ಗಂಜಿ ಇದ್ದರೆ ಹಾಕು ಎಂದರು.