ಮಳವಳ್ಳಿಯಲ್ಲಿ ಮುಳುಗಿದ ಸೂರ್ಯ

ನಾರ್ವೆಯ ಹಡಗಿನ ಊಟದ ಕೋಣೆಯಲ್ಲಿ ನನ್ನ ಶ್ರೀಮತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಒತ್ತೇ ಮುಳುಗಿಲ್ಲ. ದೀಪ ಅಚ್ದೆ ಎಂಗೆ ಉಣ್ಣಾದು?"

ಮುಸ್ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆಯೇ ರಾತ್ರಿಯೂಟ ಎಂಬುದು ಆಕೆಯ ವ್ರತ. ಬೇಸಿಗೆಯಲ್ಲಿ ಅಲ್ಲಿನ ಸೂರ್ಯ ಮುಳುಗುವುದೇ ಇಲ್ಲವೆಂಬುದನ್ನು ಮಂಡ್ಯದಲ್ಲಿ ಟಿಕೆಟ್ ಮಾಡಿಸುವಾಗ ನಾವಿಬ್ಬರೂ ಯೋಚಿಸಿರಲಿಲ್ಲ. ಹಿಂದಿನ ರಾತ್ರಿಯೂ ಆಕೆ ಉಪವಾಸ. ನಾನು ಆಕೆಯ ಪಾಲಿನದನ್ನೂ ಉಂಡು ದುಃಖದಲ್ಲಿ ಭಾಗಿಯಾಗಿದ್ದೆ.

ಕೊನೆಗೆ ಮಳವಳ್ಳಿಯ ನಾದಿನಿಗೆ ವಿಡಿಯೊ ಕರೆ ಮಾಡಿದೆ. ಸಂಗತಿ ಕೇಳಿದವಳೇ ದೇವರ ಮುಂದೆ ಹೋಗಿ ನಿಂತು ಅಕ್ಕನನ್ನು ಗದರಿದಳು: "ಇಲ್ಲಿ ಕತ್ಲಾಗೋಗೈತೆ ಕಣಕ್ಕ. ನೋಡು, ನಿನ್ನೆಸ್ರಲ್ಲೂ ಒಂದು ದೀಪ ಅಚ್ಚಿವ್ನಿ. ಉಣ್ಣೋಗು ಸುಮ್ಕೆ!"

ಶ್ರೀಮತಿ ಫೋನಿಗೇ ಕೈಮುಗಿದು ತಟ್ಟೆ ಎಳೆದುಕೊಂಡಳು.

ಹಡಗಿಳಿದು ಕಾರಿನಲ್ಲಿ ಬೆಟ್ಟ ಕಣಿವೆ ಸುತ್ತಿದ ದಿನಗಳಲ್ಲೂ ನಾವು ಉಂಡದ್ದು ಮಳವಳ್ಳಿಯ ಸೂರ್ಯನ ಅಪ್ಪಣೆಯಂತೆ. ನಾರ್ವೆಯ ಸೂರ್ಯನನ್ನು ಯಾರೂ ಕೇಳಲಿಲ್ಲ.